ಫಿಲಮೆಂಟ್ ಪ್ರಿಂಟಿಂಗ್: ಯಾವ ಕೆಲಸಕ್ಕೆ ಯಾವ ರೋಲ್

ಡೆಸ್ಕ್‌ಟಾಪ್ ತ್ರೀಡಿ ಪ್ರಿಂಟರ್ ತಂದವರು ಮೊದಲ ಕೆಲಸಕ್ಕೆ ಮನೆಯ ಕನ್ನಡ ನಾಮಫಲಕ ಹಿಡಿಯುವುದು ಒಳ್ಳೆಯದು. ಉದ್ದ 180 ಮಿ.ಮೀ., ಎತ್ತರ 60, ದಪ್ಪ 3 ಎಂದು ಇಟ್ಟುಕೊಂಡರೆ ಅಕ್ಷರಗಳೂ ಸೇರಿ ಸುಮಾರು 30 ಗ್ರಾಂ ಪ್ಲಾಸ್ಟಿಕ್ ಸಾಕು, ಎರಡು ತಾಸಿನ ಆಜೂಬಾಜು ಕೆಲಸ ಮುಗಿಯುತ್ತದೆ. ಈ ಹವ್ಯಾಸದಲ್ಲಿ ಬರುವ ಎಲ್ಲ ಮುಖ್ಯ ಪದಗಳೂ ಆ ಎರಡು ತಾಸಿನಲ್ಲೇ ಎದುರಾಗುತ್ತವೆ. ಎಡವುವುದು ಮಾತ್ರ ಬೇರೆ ಕಡೆ. ಕೈಗೆ ಸಿಕ್ಕ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ರೋಲಿನಲ್ಲಿ ಫಲಕ ತೆಗೆದು, ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿಗೆ ಹಚ್ಚುತ್ತಾರೆ. ಮೇ ತಿಂಗಳ ಹುಬ್ಬಳ್ಳಿ ಬಿಸಿಲಿಗೆ ಅದು ಸೊಟ್ಟಗಾದಾಗ ಪ್ರಿಂಟರನ್ನು ಬೈಯುತ್ತಾರೆ. ವಸ್ತು ಎಲ್ಲಿ ಇರಬೇಕು ಎನ್ನುವುದನ್ನು ಮೊದಲು ನಿರ್ಧರಿಸಿ, ರೋಲ್ ಆಮೇಲೆ ಕೊಳ್ಳಿ.

ತಂತಿ ಹೋಗುವ ದಾರಿ

ಫಿಲಮೆಂಟ್ ಎಂದರೆ ಸ್ಪೂಲಿಗೆ ಸುತ್ತಿದ ಪ್ಲಾಸ್ಟಿಕ್ ತಂತಿ. ಈಗ ಬಹುಪಾಲು ಮಶೀನುಗಳಿಗೆ ಬೇಕಾಗುವುದು 1.75 ಮಿ.ಮೀ. ವ್ಯಾಸದ್ದು. 2.85 ಮಿ.ಮೀ.ಯದೂ ಮಾರಾಟಕ್ಕಿದೆ, ಆದರೆ ಒಂದರ ಮಶೀನಿನಲ್ಲಿ ಇನ್ನೊಂದು ನಡೆಯುವುದಿಲ್ಲ. ಒಂದು ಕೆ.ಜಿ. ಪಿಎಲ್‌ಎ ರೋಲಿನಲ್ಲಿ ಸುಮಾರು 335 ಮೀಟರ್ ತಂತಿ ಇರುತ್ತದೆ. ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ ಹಗುರವಾದ್ದರಿಂದ ಅಷ್ಟೇ ತೂಕಕ್ಕೆ 400 ಮೀಟರ್ ಬರುತ್ತದೆ. ಹೊಸ ರೋಲ್ ಬಂದ ಕೂಡಲೇ ವರ್ನಿಯರ್ ಕ್ಯಾಲಿಪರ್ ಹಿಡಿದು ನಾಲ್ಕೈದು ಕಡೆ ಅಳೆಯಿರಿ. 1.75 ಎಂದು ಬರೆದದ್ದು ನಿಜಕ್ಕೂ 1.80 ಇದ್ದರೆ, ಒಳಹೋಗುವ ಪ್ಲಾಸ್ಟಿಕ್ ಶೇ 5.8ರಷ್ಟು ಹೆಚ್ಚಾಗುತ್ತದೆ. ಮೇಲ್ಮೈ ಉಬ್ಬುತ್ತದೆ, ಒಂದಕ್ಕೊಂದು ಕೂಡಬೇಕಾದ ಭಾಗಗಳು ಕೂಡುವುದಿಲ್ಲ.

ತಂತಿಯನ್ನು ಹಲ್ಲಿನ ಗಾಲಿಯಿಂದ ಹಿಡಿದು ತಳ್ಳುವ ಭಾಗ ಎಕ್ಸ್‌ಟ್ರೂಡರ್. ಇದು ನೋಜಲ್ಲಿನ, ಅಂದರೆ ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿಯ, ತಲೆಯ ಮೇಲೆಯೇ ಕೂತಿದ್ದರೆ ಡೈರೆಕ್ಟ್ ಡ್ರೈವ್ ಎನ್ನುತ್ತಾರೆ. ಮಶೀನಿನ ಚೌಕಟ್ಟಿಗೆ ಕೂತು, ಉದ್ದನೆಯ ಬಿಳಿ ಟೆಫ್ಲಾನ್ ನಳಿಕೆಯಲ್ಲಿ ತಂತಿ ಕಳಿಸಿದರೆ ಅದು ಬೌಡನ್. ರಬ್ಬರಿನಂಥ ಮೆತ್ತನೆಯ ತಂತಿ ಓಡಿಸುವ ಯೋಚನೆ ಇದ್ದರೆ ಡೈರೆಕ್ಟ್ ಡ್ರೈವ್ ಮಶೀನನ್ನೇ ಕೊಳ್ಳಿ; ಬೌಡನ್ ನಳಿಕೆಯಲ್ಲಿ ಅದು ಮಡಚಿಕೊಂಡು ಸಿಕ್ಕಿಬೀಳುತ್ತದೆ.

ಮುಂದೆ ತಂತಿ ಕರಗಿಸುವ ಭಾಗ, ಹಾಟೆಂಡ್. ಇದರಲ್ಲಿ ಕಾಯಿಸುವ ಹೀಟರ್, ಬಿಸಿ ಅಳೆಯುವ ಥರ್ಮಿಸ್ಟರ್, ತುದಿಗೆ ಹಿತ್ತಾಳೆಯ ನೋಜಲ್ ಇರುತ್ತವೆ. ಮೇಲ್ಭಾಗ ತಣ್ಣಗೇ ಇರಬೇಕು, ಅದಕ್ಕಾಗಿಯೇ ಅಲ್ಲೊಂದು ಪುಟ್ಟ ಫ್ಯಾನ್ ಸದಾ ತಿರುಗುತ್ತಿರುತ್ತದೆ. ಪ್ರಿಂಟಿಗೆ ಗಾಳಿ ಹೊಡೆಯುವ ಫ್ಯಾನ್ ಬೇರೆಯದೇ. ನೋಜಲ್ಲಿನ ತೂತು ಸಾಮಾನ್ಯವಾಗಿ 0.4 ಮಿ.ಮೀ. ಟೆಫ್ಲಾನ್ ನಳಿಕೆ ನೋಜಲ್ಲಿನವರೆಗೂ ಇಳಿದಿರುವ ಹಾಟೆಂಡನ್ನು 240 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ, ಟೆಫ್ಲಾನ್ ಕೆಡುತ್ತದೆ, ಹೊಗೆಯೂ ಒಳ್ಳೆಯದಲ್ಲ.

ಕೆಳಗಿನ ಕಾಯುವ ಹಲಗೆ ಬೆಡ್. ಅದರ ಮೇಲೆ ಪಿಇಐ ಎಂಬ ಪ್ಲಾಸ್ಟಿಕ್ಕಿನ ಲೇಪನದ ಸ್ಪ್ರಿಂಗ್ ಸ್ಟೀಲ್ ಶೀಟ್ ಇದ್ದರೆ ಪ್ರಿಂಟ್ ಆರಿದ ಮೇಲೆ ಶೀಟನ್ನು ತುಸು ಬಾಗಿಸಿದರೆ ಸಾಕು, ತಾನಾಗಿ ಬಿಡುತ್ತದೆ.

ತಂತಿ ಕರಗಿಸಿ ಪದರ ಕಟ್ಟುವ ಈ ವಿಧಾನಕ್ಕೆ ಎಫ್‌ಡಿಎಂ, ಎಫ್‌ಎಫ್‌ಎಫ್ ಎಂದು ಎರಡು ಹೆಸರು. ಮೊದಲನೆಯ ಹೆಸರು ಅಮೆರಿಕದಲ್ಲಿ ಶುರುವಾದ ಸ್ಟ್ರಾಟಸಿಸ್ ಕಂಪನಿಯ ಟ್ರೇಡ್‌ಮಾರ್ಕ್. ಅದರ ಸ್ಥಾಪಕ ಸ್ಕಾಟ್ ಕ್ರಂಪ್ 1989ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಎರಡನೆಯದು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೋಯರ್ 2005ರಲ್ಲಿ ಶುರು ಮಾಡಿದ ರೆಪ್‌ರ್ಯಾಪ್ ಯೋಜನೆಯವರು ಇಟ್ಟ ಹೆಸರು. 2009ರಲ್ಲಿ ಆ ಪೇಟೆಂಟ್ ಮುಗಿದ ಮೇಲೆಯೇ ಮಶೀನುಗಳ ಬೆಲೆ ಮನೆಮಂದಿಯ ಕೈಗೆಟುಕಿದ್ದು.

ಬಿಸಿಲು ನೋಡಿ ರೋಲ್ ಆರಿಸಿ

ಪಿಎಲ್‌ಎ ಕಲಿಯುವವರ ಪ್ಲಾಸ್ಟಿಕ್. ಮೆಕ್ಕೆಜೋಳ, ಕಬ್ಬಿನಂಥ ಬೆಳೆಗಳ ಪಿಷ್ಟ, ಸಕ್ಕರೆಯಿಂದ ತಯಾರಾಗುತ್ತದೆ. ನೋಜಲ್ 190ರಿಂದ 220 ಡಿಗ್ರಿ, ಬೆಡ್ 50ರಿಂದ 60. ವಾಸನೆ ಕಡಿಮೆ, ಮೂಲೆ ಏಳುವುದು ಕಡಿಮೆ, ಅಳತೆ ಸರಿಯಾಗಿ ಬರುತ್ತದೆ. ಆದರೆ 60 ಡಿಗ್ರಿಯ ಹೊತ್ತಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಈ ಬಿಸಿಯನ್ನು ಸುಲಭವಾಗಿ ಮುಟ್ಟುತ್ತದೆ, ತಗಡಿನ ಶೆಡ್ಡಿನ ಛಾವಣಿಗೆ ಹತ್ತಿಕೊಂಡ ಭಾಗವೂ ಅಷ್ಟೇ. ಮೊಬೈಲ್ ಸ್ಟ್ಯಾಂಡ್, ಮಕ್ಕಳ ವಿಜ್ಞಾನ ಮಾದರಿ, ಗೋಡೆಯೊಳಗಿನ ಸ್ವಿಚ್ ಬೋರ್ಡಿನ ಲೇಬಲ್ಲುಗಳಿಗೆ ಪಿಎಲ್‌ಎ ಧಾರಾಳ ಸಾಕು. ಮಣ್ಣಿನಲ್ಲಿ ಕೊಳೆಯುತ್ತದೆ ಎಂಬ ಮಾತನ್ನು ನಂಬಿ ತಿಪ್ಪೆಗುಂಡಿಗೆ ಹಾಕಬೇಡಿ. ಅದು ಕೊಳೆಯಲು 60 ಡಿಗ್ರಿಯ ಆಸುಪಾಸಿನ ಬಿಸಿಯನ್ನು ವಾರಗಟ್ಟಲೆ ಕಾಯ್ದುಕೊಳ್ಳುವ ಕಾರ್ಖಾನೆ ಮಟ್ಟದ ಕಾಂಪೋಸ್ಟ್ ಬೇಕು.

ಪಿಇಟಿಜಿ ನಮ್ಮ ಕಡೆಯ ನಿತ್ಯದ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನೋಜಲ್ 230ರಿಂದ 250, ಬೆಡ್ 70ರಿಂದ 85. ಸುಮಾರು 80 ಡಿಗ್ರಿಯವರೆಗೆ ಆಕಾರ ಬಿಡುವುದಿಲ್ಲ, ನೀರಿಗೆ ಅಂಜುವುದಿಲ್ಲ, ಬಿದ್ದರೆ ಪಿಎಲ್‌ಎಯ ಹಾಗೆ ಚೂರಾಗುವುದಿಲ್ಲ. ಹಾವೇರಿ ಕಡೆಯ ಮೆಣಸಿನಕಾಯಿ ಹೊಲದಲ್ಲಿ 16 ಮಿ.ಮೀ. ಡ್ರಿಪ್ ಪೈಪ್ ಹಿಡಿಯುವ ಕ್ಲಿಪ್ಪು, ಬೆನ್ನಿಗೆ ಹಾಕುವ ಸ್ಪ್ರೇಯರಿನ ಹಿಡಿಕೆ, ಬೆಟಗೇರಿಯ ಮಗ್ಗಕ್ಕೆ ಬೇಕಾಗುವ ಸಣ್ಣ ಬಿಲ್ಲೆ, ಬುಷ್‌ಗಳಿಗೆಲ್ಲ ಇದು ಹೊಂದುತ್ತದೆ. ನಮ್ಮ ನಾಮಫಲಕಕ್ಕೂ ಇದೇ. ದೋಷ ಎರಡು: ಎಳೆ ಎಳೆಯಾಗಿ ಜೊಲ್ಲು ಸುರಿಸುತ್ತದೆ, ನುಣುಪಾದ ಪಿಇಐ ಶೀಟಿಗೆ, ಗಾಜಿಗೆ ಎಷ್ಟು ಗಟ್ಟಿ ಹಿಡಿಯುತ್ತದೆಂದರೆ ಬಿಡಿಸುವಾಗ ಶೀಟಿನ ಲೇಪನವೇ ಕಿತ್ತು ಬರುತ್ತದೆ. ಅದಕ್ಕೆ ಮೊದಲು ಗ್ಲೂ ಸ್ಟಿಕ್ಕನ್ನು ತೆಳ್ಳಗೆ ಸವರಿ. ಇಲ್ಲಿ ಗ್ಲೂ ಇರುವುದು ಅಂಟಿಸಲಿಕ್ಕಲ್ಲ, ಸುಲಭವಾಗಿ ಬಿಡಿಸಲಿಕ್ಕೆ. ಒರಟು ಪಿಇಐ ಶೀಟ್ ಇದ್ದರೆ ಈ ತಾಪತ್ರಯವಿಲ್ಲ.

ಎಬಿಎಸ್ 100 ಡಿಗ್ರಿಯವರೆಗೆ ತಡೆಯುತ್ತದೆ. ನೋಜಲ್ 230ರಿಂದ 260, ಬೆಡ್ 90ರಿಂದ 110. ಆರುವಾಗ ಕುಗ್ಗುವುದು ಹೆಚ್ಚು, ಆದ್ದರಿಂದ ಮುಚ್ಚಿದ ಪೆಟ್ಟಿಗೆಯಂಥ ಮಶೀನ್ ಇಲ್ಲದೆ ದೊಡ್ಡ ಭಾಗ ತೆಗೆಯಲು ಹೋಗಬೇಡಿ. ಕರಗುವಾಗ ಸ್ಟೈರೀನ್ ಆವಿ ಬರುತ್ತದೆ; ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ. ಎಎಸ್‌ಎ ಇದರ ದಾಯಾದಿ, ಬಿಸಿಲಿನ ನೇರಳಾತೀತ ಕಿರಣಕ್ಕೆ ಬಣ್ಣ ಬಿಡುವುದಿಲ್ಲ. ಗದಗ ಕಡೆಯ ಒಣ ಬಿಸಿಲಿನಲ್ಲಿ ವರ್ಷಗಟ್ಟಲೆ ಹೊರಗಿರಬೇಕಾದ ವಸ್ತುವಿಗೆ ಎಎಸ್‌ಎಯೇ ಸರಿ, ಮುಚ್ಚಿದ ಮಶೀನ್ ಇದ್ದರೆ.

ಟಿಪಿಯು ರಬ್ಬರಿನ ಜಾತಿ. ಶೋರ್ 95ಎ ಗಡಸುತನದ್ದನ್ನೇ ಮೊದಲು ತನ್ನಿ, ಅದಕ್ಕಿಂತ ಮೆತ್ತನೆಯದು ಕಷ್ಟ. 210ರಿಂದ 230 ಡಿಗ್ರಿ, ವೇಗ ಸೆಕೆಂಡಿಗೆ 20ರಿಂದ 30 ಮಿ.ಮೀ. ಪಂಪಿನ ಕೆಳಗಿನ ಅದುರು ತಡೆಯುವ ಗುಂಡಿ, ವಾಷರ್, ಮೊಬೈಲ್ ಕವರ್ ಆಗುತ್ತವೆ. ನೈಲಾನ್ ಗೇರಿಗೆ ಒಳ್ಳೆಯದು, ಆದರೆ ತೇವ ಹೀರುವುದರಲ್ಲಿ ಎಲ್ಲಕ್ಕಿಂತ ಮುಂದು. ಕೈ ಪಳಗಿದ ಮೇಲೆ ನೋಡೋಣ. ಕಾರ್ಬನ್ ಫೈಬರ್ ಬೆರೆಸಿದ ತಂತಿ, ಕತ್ತಲಲ್ಲಿ ಹೊಳೆಯುವ ತಂತಿ ಎರಡೂ ಹಿತ್ತಾಳೆ ನೋಜಲ್ಲನ್ನು ಸವೆಸುತ್ತವೆ. ಅವಕ್ಕೆ ಗಟ್ಟಿ ಉಕ್ಕಿನ ನೋಜಲ್ ಹಾಕಬೇಕು.

ಪೇಡೆ ಇಡುವ ಡಬ್ಬಿ, ಕುಡಿಯುವ ಲೋಟ ಮಾಡಿಕೊಡಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಪ್ಪಬೇಡಿ. ಪದರಗಳ ನಡುವಿನ ಸಂದಿಯಲ್ಲಿ ಕೊಳೆ ಕೂತರೆ ತೊಳೆದು ತೆಗೆಯಲಾಗುವುದಿಲ್ಲ, ಹಿತ್ತಾಳೆ ನೋಜಲ್ಲಿನಲ್ಲಿ ಸೀಸದ ಅಂಶವೂ ಇರಬಹುದು. ಬ್ರೇಕು, ಗ್ಯಾಸ್, ಒತ್ತಡದ ನೀರಿನ ಸಾಲಿನ ಭಾಗಗಳನ್ನೂ ಈ ಮಶೀನಿನಲ್ಲಿ ಮಾಡುವುದಲ್ಲ.

ಮಳೆಗಾಲದ ತೇವ

ಧಾರವಾಡದ ಜಿಟಿಜಿಟಿ ಮಳೆ ಶುರುವಾದರೆ ಹೊರಗೆ ಬಿಟ್ಟ ರೋಲ್ ಕೆಲವೇ ದಿನಗಳಲ್ಲಿ ತೇವ ಹೀರುತ್ತದೆ. ಗುರುತು ಹಿಡಿಯಲು ಮಶೀನಿನ ಹತ್ತಿರ ಕಿವಿ ಕೊಡಿ: ನೋಜಲ್ಲಿನಿಂದ ಚಟಚಟ ಸದ್ದು ಬರುತ್ತದೆ, ತಂತಿಯೊಳಗಿನ ನೀರು ಆವಿಯಾಗಿ ಸಿಡಿಯುವ ಸದ್ದು ಅದು. ಹೊರಬರುವ ಎಳೆಯಲ್ಲಿ ಸಣ್ಣ ಗುಳ್ಳೆ ಇರುತ್ತವೆ, ಗೋಡೆ ಉಸುಕು ಹಚ್ಚಿದಂತೆ ಒರಟಾಗುತ್ತದೆ. ಪದರಕ್ಕೆ ಪದರ ಸರಿಯಾಗಿ ಬೆಸೆಯುವುದಿಲ್ಲ. ತೇವ ಹಿಡಿದ ಹಳೆಯ ಪಿಎಲ್‌ಎ ರಾತ್ರೋರಾತ್ರಿ ನಳಿಕೆಯೊಳಗೇ ತುಂಡಾಗಿ ಕೂತಿರುತ್ತದೆ.

ಒಣಗಿಸಲು ಫಿಲಮೆಂಟ್ ಡ್ರೈಯರ್ ಸಿಗುತ್ತದೆ. ಪಿಎಲ್‌ಎಗೆ 45ರಿಂದ 50 ಡಿಗ್ರಿಯಲ್ಲಿ 4ರಿಂದ 6 ತಾಸು, ಪಿಇಟಿಜಿಗೆ 65 ಡಿಗ್ರಿಯಲ್ಲಿ ಅಷ್ಟೇ ಹೊತ್ತು, ನೈಲಾನಿಗೆ 70ರಿಂದ 80ರಲ್ಲಿ 12 ತಾಸು. ಅಡುಗೆಮನೆಯ ಓವನ್ ಬೇಡ. ಅದು 50 ಎಂದು ತೋರಿಸುತ್ತ 70ಕ್ಕೆ ಜಿಗಿದರೆ ಇಡೀ ಸ್ಪೂಲ್ ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತದೆ. ಹಪ್ಪಳ ಸಂಡಿಗೆಯ ಜೊತೆ ಮಾಳಿಗೆ ಮೇಲೆ ಒಣಹಾಕುವುದೂ ಬೇಡ. ಬಿಸಿಲಿನ ಮೇಲೆ ನಿಮಗೆ ಹಿಡಿತವಿಲ್ಲ, ಮೋಡ ಕವಿದರೆ ತೇವ ಮರಳಿ ಸೇರುತ್ತದೆ.

ಒಣಗಿದ ರೋಲನ್ನು ರಬ್ಬರ್ ಅಂಚಿನ ದೊಡ್ಡ ಬೇಳೆ ಡಬ್ಬಿಯಲ್ಲಿ ಇಟ್ಟು, 100 ಗ್ರಾಮಿನಷ್ಟು ನೀಲಿ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ ಹಾಕಿ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಎಂದರ್ಥ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಅಕ್ಷರದಿಂದ ಜಿ-ಕೋಡ್‌ವರೆಗೆ

ತ್ರೀಡಿ ಆಕಾರದ ಫೈಲು ಎಸ್‌ಟಿಎಲ್ ಅಥವಾ ತ್ರೀಎಂಎಫ್. ಅದನ್ನು ಪದರ ಪದರವಾಗಿ ಕತ್ತರಿಸಿ, ಮಶೀನಿಗೆ ತಿಳಿಯುವ ಜಿ-ಕೋಡ್ ಮಾಡಿಕೊಡುವ ತಂತ್ರಾಂಶ ಸ್ಲೈಸರ್. ಕ್ಯುರಾ, ಪ್ರೂಸಾಸ್ಲೈಸರ್, ಆರ್ಕಾಸ್ಲೈಸರ್ ಮೂರೂ ಪುಕ್ಕಟೆ.

ಕನ್ನಡ ಅಕ್ಷರದಲ್ಲಿ ಒಂದು ತೊಡಕು ಇದೆ. ಹಲವು ತ್ರೀಡಿ ತಂತ್ರಾಂಶಗಳಲ್ಲಿ ನೇರವಾಗಿ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಟೈಪ್ ಮಾಡಿ, ಪಾತ್ (ಬರೀ ಗೆರೆಯ ಆಕಾರ) ಆಗಿ ಬದಲಿಸಿ, ಎಸ್‌ವಿಜಿ ಫೈಲ್ ಉಳಿಸಿ. ಅದನ್ನು ತ್ರೀಡಿ ತಂತ್ರಾಂಶ ಟಿಂಕರ್‌ಕ್ಯಾಡಿಗೆ ತಂದು ಎತ್ತರ ಕೊಟ್ಟರೆ ಅಕ್ಷರ ಹಾಗೆಯೇ ಉಳಿಯುತ್ತದೆ. ಬಾಲೂ ತಮ್ಮ, ನೋಟೋ ಸ್ಯಾನ್ಸ್ ಕನ್ನಡ ಬೋಲ್ಡ್‌ನಂಥ ದಪ್ಪ ಗೆರೆಯ ಫಾಂಟ್ ಇರಲಿ. 0.4ರ ನೋಜಲ್ ತನಗಿಂತ ತೆಳ್ಳನೆಯ ಗೆರೆ ಎಳೆಯಲಾರದು, ತನಗಿಂತ ಕಿರಿದಾದ ಸಂದಿಯನ್ನು ಮುಚ್ಚಿಬಿಡುತ್ತದೆ. ಅಕ್ಷರ 8 ಮಿ.ಮೀ. ಎತ್ತರ ಇಟ್ಟರೆ "ಧಾರವಾಡ"ದ ಹೊಟ್ಟೆ ಸೀಳಿದ ಧ ಕೂಡಿಕೊಂಡು ದ ಆಗುವ ಅಪಾಯವಿದೆ. ಕನಿಷ್ಠ 15 ಮಿ.ಮೀ. ಇಡಿ, ಒತ್ತಕ್ಷರ ಇದ್ದರೆ 18. ಸ್ಲೈಸರಿನ ಪ್ರಿವ್ಯೂದಲ್ಲಿ ದೊಡ್ಡದು ಮಾಡಿ ಪ್ರತಿ ಸೀಳು, ಪ್ರತಿ ಅರ್ಕಾವತ್ತು ನೋಡಿಯೇ ಮುಂದುವರಿಯಿರಿ.

ಈಗ ಅಂಕಿಗಳು. ಲೇಯರ್ ಎತ್ತರ 0.2 ಮಿ.ಮೀ. (ನೋಜಲ್ ತೂತಿನ ಕಾಲು ಭಾಗದಿಂದ ಮುಕ್ಕಾಲು ಭಾಗದೊಳಗೆ ಇರಬೇಕು). 3 ಮಿ.ಮೀ. ಹಲಗೆಗೆ 15 ಪದರ, ಅದರ ಮೇಲೆ 1.2 ಮಿ.ಮೀ. ಎದ್ದ ಅಕ್ಷರಕ್ಕೆ 6 ಪದರ. 16ನೇ ಪದರದ ಮೊದಲು ಸ್ಲೈಸರಿನಲ್ಲಿ ಬಣ್ಣ ಬದಲಿಸುವ ಸೂಚನೆ ಹಾಕಿದರೆ ಮಶೀನ್ ಅಲ್ಲಿ ನಿಲ್ಲುತ್ತದೆ. ಬಿಳಿ ರೋಲ್ ತೆಗೆದು ಕಪ್ಪು ಹಾಕಿ, ಹಳೆ ಬಣ್ಣ ಪೂರ್ತಿ ಹೋಗುವವರೆಗೆ ಹೊರಹಾಕಿಸಿ. ಹೊರಗೋಡೆ ಅಂದರೆ ವಾಲ್ ಮೂರು ಸುತ್ತು, ಒಳಗಿನ ಜಾಲ ಅಂದರೆ ಇನ್‌ಫಿಲ್ ಶೇ 20. ಗಟ್ಟಿ ಬೇಕೆಂದು ಇನ್‌ಫಿಲ್ಲನ್ನು 80ಕ್ಕೆ ಏರಿಸುವವರೇ ಹೆಚ್ಚು. ಎರಡು ಸುತ್ತು ವಾಲ್ ಹೆಚ್ಚಿಸಿದರೆ ಅದಕ್ಕಿಂತ ಕಡಿಮೆ ಪ್ಲಾಸ್ಟಿಕ್ಕಿನಲ್ಲಿ ಹೆಚ್ಚು ಬಲ ಬರುತ್ತದೆ. 4 ಮಿ.ಮೀ. ಸ್ಕ್ರೂ ತೂತನ್ನು 4.4 ಎಂದು ಬರೆಯಿರಿ, ತೂತುಗಳು ಯಾವಾಗಲೂ ಕಿರಿದಾಗಿಯೇ ಬರುತ್ತವೆ.

ವೇಗದ ಲೆಕ್ಕವನ್ನೂ ಮಾಡಿ. 0.45 ಅಗಲ, 0.2 ಎತ್ತರದ ಗೆರೆಯನ್ನು ಸೆಕೆಂಡಿಗೆ 100 ಮಿ.ಮೀ. ಎಳೆದರೆ 9 ಘನ ಮಿ.ಮೀ. ಪ್ಲಾಸ್ಟಿಕ್ ಕರಗಬೇಕು. ಸಾದಾ ಹಾಟೆಂಡಿನ ಶಕ್ತಿ 10ರಿಂದ 12. ಮಶೀನಿನ ಡಬ್ಬಿಯ ಮೇಲೆ ವೇಗ 500 ಎಂದು ಬರೆದಿದ್ದರೂ ಕರಗದ ಪ್ಲಾಸ್ಟಿಕ್ ಹೊರಬರುವುದಿಲ್ಲ.

ಕೊಕ್ಕೆಯಂಥ ಭಾರ ಹೊರುವ ಭಾಗವನ್ನು ನಿಲ್ಲಿಸಿ ಅಲ್ಲ, ಮಲಗಿಸಿ ಪ್ರಿಂಟ್ ಮಾಡಿ. ಕಟ್ಟಿಗೆ ನಾರಿನ ಗುಂಟ ಸೀಳುವಂತೆ ಪ್ರಿಂಟ್ ಪದರದ ಗುಂಟ ಸೀಳುತ್ತದೆ. 45 ಡಿಗ್ರಿಗಿಂತ ಹೆಚ್ಚು ಹೊರಚಾಚಿದ ಭಾಗಕ್ಕೆ ಸಪೋರ್ಟ್, ಅಂದರೆ ಆಮೇಲೆ ಕಿತ್ತು ತೆಗೆಯುವ ಆಧಾರ, ಬೇಕಾಗುತ್ತದೆ. ಗಾಳಿ ಹೊಡೆಯುವ ಫ್ಯಾನ್ ಪಿಎಲ್‌ಎಗೆ ಶೇ 100, ಪಿಇಟಿಜಿಗೆ 30ರಿಂದ 50, ಎಬಿಎಸ್‌ಗೆ ಹೆಚ್ಚುಕಡಿಮೆ ಬಂದ್.

ಮೊದಲ ಪದರ

1. ಹೊಸ ಮಶೀನಿನ ಪವರ್ ಸಪ್ಲೈ ಪಕ್ಕದಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ 230ಕ್ಕೆ ಇದೆಯೇ ನೋಡಿ. 115ರಲ್ಲಿಟ್ಟು ನಮ್ಮ ಕರೆಂಟ್ ಕೊಟ್ಟರೆ ಸಪ್ಲೈ ಆ ಕ್ಷಣವೇ ಸುಡುತ್ತದೆ. ಅರ್ತಿಂಗ್ ಇರುವ ತ್ರೀಪಿನ್ ಸಾಕೆಟ್ಟೇ ಬೇಕು.

2. ಶೀಟನ್ನು ಪಾತ್ರೆ ತೊಳೆಯುವ ಸೋಪು, ಬಿಸಿನೀರಿನಿಂದ ತೊಳೆದು ಒಣಗಿಸಿ. ಗಿರ್ಮಿಟ್-ಮಿರ್ಚಿ ತಿಂದ ಕೈಯಿಂದ ಅಂತೂ ಮುಟ್ಟಬೇಡಿ. ಎಣ್ಣೆ ಕೂತ ಕಡೆ ಪದರ ಹಿಡಿಯುವುದಿಲ್ಲ. ಅಂಚು ಹಿಡಿದೇ ಎತ್ತಿ.

3. ಪಿಇಟಿಜಿಗೆ ನೋಜಲ್ 240, ಬೆಡ್ 80 ಕಾಯಿಸಿ, ಐದು ನಿಮಿಷ ಬಿಡಿ. ತಣ್ಣನೆಯ ಬೆಡ್ ಅಳೆದರೆ ಕಾದ ಮೇಲೆ ಅಳತೆ ಬದಲಾಗುತ್ತದೆ.

4. ಸ್ಕ್ರೂ ತಿರುಗಿಸಿ ಬೆಡ್ ಸಮ ಮಾಡುವ ಮಶೀನಾದರೆ ನೋಜಲ್ ಮತ್ತು ಬೆಡ್ ನಡುವೆ ಸಾದಾ 80 ಜಿಎಸ್‌ಎಂ ಜೆರಾಕ್ಸ್ ಹಾಳೆ ಇಟ್ಟು ಎಳೆಯಿರಿ. ಹಾಳೆ ತುಸು ಉಜ್ಜಿ ಸರಿಯಬೇಕು, ಹರಿಯಬಾರದು. ನಾಲ್ಕು ಮೂಲೆ, ಆಮೇಲೆ ಮತ್ತೊಮ್ಮೆ ನಾಲ್ಕು ಮೂಲೆ. ಒಂದನ್ನು ತಿರುಗಿಸಿದರೆ ಇನ್ನೊಂದು ಕದಲಿರುತ್ತದೆ. ತಾನಾಗಿ ಅಳೆಯುವ ಮಶೀನಿನಲ್ಲಿಯೂ ಝಡ್ ಆಫ್‌ಸೆಟ್, ಅಂದರೆ ಬೆಡ್ಡಿನಿಂದ ನೋಜಲ್ಲಿನ ಎತ್ತರದ ಹೊಂದಾಣಿಕೆ, ನೀವೇ ನೋಡಬೇಕಾಗಬಹುದು.

5. ಮೊದಲ ಪದರ ಬೀಳುವಾಗ ಎದ್ದು ಹೋಗಬೇಡಿ. ಎಳೆಗಳು ದುಂಡಗೆ ಬಿಡಿಬಿಡಿಯಾಗಿ ಬಿದ್ದರೆ ನೋಜಲ್ ಎತ್ತರ ಹೆಚ್ಚಾಗಿದೆ, 0.02ರಂತೆ ಇಳಿಸುತ್ತ ಹೋಗಿ. ಎಳೆ ಪಾರದರ್ಶಕವಾಗಿ ತೆಳುವಾದರೆ, ಅಂಚುಗಳಲ್ಲಿ ಏಣು ಎದ್ದರೆ ಇಳಿದದ್ದು ಹೆಚ್ಚಾಗಿದೆ. ಪಿಇಟಿಜಿಯನ್ನು ಪಿಎಲ್‌ಎಯಷ್ಟು ಒತ್ತಬಾರದು, ನೋಜಲ್ಲಿಗೆ ಮೆತ್ತಿಕೊಂಡು ಗಂಟಾಗುತ್ತದೆ.

ಕೆಟ್ಟರೆ ಎಲ್ಲಿ ನೋಡಬೇಕು

ಮೂಲೆ ಎದ್ದರೆ ಅದು ವಾರ್ಪಿಂಗ್. ಮೇಲಿನ ಪದರ ಆರುತ್ತ ಕುಗ್ಗಿ ಕೆಳಗಿನದನ್ನು ಎಳೆಯುತ್ತದೆ. ಮೇಲಿನ ಸೀಲಿಂಗ್ ಫ್ಯಾನ್ ಬಂದ್ ಮಾಡಿ, ಕಿಟಕಿ ಮುಚ್ಚಿ, ಸ್ಲೈಸರಿನಲ್ಲಿ 5ರಿಂದ 8 ಮಿ.ಮೀ. ಬ್ರಿಮ್, ಅಂದರೆ ವಸ್ತುವಿನ ಸುತ್ತ ತೆಳು ಅಂಚು, ಹಾಕಿ. ಅರ್ಧ ಸಮಸ್ಯೆ ಫ್ಯಾನಿನದೇ ಇರುತ್ತದೆ.

ಎಳೆ ಬಿಟ್ಟರೆ ಮೊದಲು ರೋಲ್ ಒಣಗಿಸಿ, ಆಮೇಲೆ ಬಿಸಿ 5 ಡಿಗ್ರಿ ಇಳಿಸಿ. ರಿಟ್ರಾಕ್ಷನ್, ಅಂದರೆ ನೋಜಲ್ ಜಾಗ ಬದಲಿಸುವಾಗ ತಂತಿಯನ್ನು ಹಿಂದಕ್ಕೆ ಎಳೆಯುವ ಅಳತೆ, ಮುಟ್ಟುವುದು ಕೊನೆಗೆ. ಡೈರೆಕ್ಟ್ ಡ್ರೈವಿಗೆ 0.5ರಿಂದ 1 ಮಿ.ಮೀ., ಬೌಡನ್‌ಗೆ 4ರಿಂದ 6. ತೇವದ ರೋಲಿಗೆ ಎಷ್ಟೇ ರಿಟ್ರಾಕ್ಷನ್ ಕೊಟ್ಟರೂ ಎಳೆ ನಿಲ್ಲುವುದಿಲ್ಲ.

ಏಪ್ರಿಲ್-ಮೇದಲ್ಲಿ ಬರುವ ಒಂದು ಕಾಯಿಲೆ ಬೇರೆ. ಮುಚ್ಚಿದ ಮಶೀನಿನಲ್ಲಿ ಪಿಎಲ್‌ಎ ಓಡುತ್ತಿರುತ್ತದೆ, ಒಂದು ತಾಸು ಚೆನ್ನಾಗಿ ನಡೆದು ಆಮೇಲೆ ಎಳೆ ತೆಳುವಾಗಿ ನಿಂತೇ ಹೋಗುತ್ತದೆ. ಕೋಣೆಯೇ 38 ಡಿಗ್ರಿ ಇರುವಾಗ ಪೆಟ್ಟಿಗೆಯೊಳಗೆ 50ರ ಹತ್ತಿರ ಮುಟ್ಟುತ್ತದೆ. ಹಾಟೆಂಡಿನ ಮೇಲ್ಭಾಗ ತಣಿಯದೆ ತಂತಿ ಅಲ್ಲಿಯೇ ಮೆತ್ತಗಾಗಿ ಉಬ್ಬುತ್ತದೆ. ಇದು ಹೀಟ್ ಕ್ರೀಪ್. ಪಿಎಲ್‌ಎ ಓಡಿಸುವಾಗ ಬಾಗಿಲು, ಮೇಲಿನ ಮುಚ್ಚಳ ತೆರೆದಿಡಿ, ಹಾಟೆಂಡ್ ಫ್ಯಾನಿನ ಧೂಳು ಒರೆಸಿ. ಕಟ್ಟಿಕೊಂಡದ್ದನ್ನು ತೆಗೆಯಲು 210ಕ್ಕೆ ಕಾಯಿಸಿ ತಂತಿ ತಳ್ಳಿ, 90ಕ್ಕೆ ಇಳಿದಾಗ ಗಟ್ಟಿಯಾಗಿ ಹಿಡಿದು ಜಗ್ಗಿ. ಕಸ ತುದಿಗೆ ಅಂಟಿ ಬರುತ್ತದೆ. ಇದಕ್ಕೆ ಕೋಲ್ಡ್ ಪುಲ್ ಎನ್ನುತ್ತಾರೆ.

ಎಲ್ಲ ಕಡೆಯೂ ಒಂದೇ ಸಮ ಪ್ಲಾಸ್ಟಿಕ್ ಕಡಿಮೆ ಬಂದರೆ ಎಕ್ಸ್‌ಟ್ರೂಡರ್ ಅಳತೆ ನೋಡಿ. ನೋಜಲ್ ಕಾಯಿಸಿ, ಎಕ್ಸ್‌ಟ್ರೂಡರ್ ಬಾಯಿಂದ 120 ಮಿ.ಮೀ. ದೂರಕ್ಕೆ ತಂತಿಯ ಮೇಲೆ ಮಾರ್ಕರಿನಿಂದ ಗುರುತು ಹಾಕಿ, ನಿಧಾನ ವೇಗದಲ್ಲಿ 100 ಮಿ.ಮೀ. ತಳ್ಳಲು ಹೇಳಿ. ಗುರುತಿನವರೆಗೆ 20 ಉಳಿಯಬೇಕು. 25 ಉಳಿದರೆ ಹೋಗಿದ್ದು 95. ಈಗಿರುವ ಇ-ಸ್ಟೆಪ್ (ಒಂದು ಮಿ.ಮೀ. ತಂತಿ ತಳ್ಳಲು ಮೋಟರ್ ಇಡುವ ಹೆಜ್ಜೆಗಳ ಲೆಕ್ಕ) 93 ಇದ್ದರೆ 93ನ್ನು 100ರಿಂದ ಗುಣಿಸಿ 95ರಿಂದ ಭಾಗಿಸಿ: 97.9. ಅದನ್ನು ಮಶೀನಿನಲ್ಲಿ ಬರೆದು ಸೇವ್ ಮಾಡಿ.

ಪದರಗಳು ಪೂರ್ತಿ ಒಂದು ಪಕ್ಕಕ್ಕೆ ಜರುಗಿದ್ದರೆ ಬೆಲ್ಟ್ ಸಡಿಲ, ಇಲ್ಲವೇ ಮೋಟರಿನ ಪುಲ್ಲಿಯ ಪುಟ್ಟ ಸ್ಕ್ರೂ ಬಿಚ್ಚಿದೆ.

ಕರೆಂಟ್

ಬೆಡ್ ಕಾಯುವಾಗ 250 ವ್ಯಾಟ್‌ವರೆಗೆ ಎಳೆದರೂ ಪಿಎಲ್‌ಎ ಕೆಲಸದ ಸರಾಸರಿ 100ರಿಂದ 150 ವ್ಯಾಟ್. ಹತ್ತು ತಾಸಿನ ಪ್ರಿಂಟಿಗೆ ಒಂದೂವರೆ ಯುನಿಟ್ ಹಿಡಿದರೆ ಸಾಕು; ಹೆಸ್ಕಾಂ ಬಿಲ್ಲಿಗಿಂತ ಹೆಸ್ಕಾಂ ಕಡಿತವೇ ತಲೆನೋವು. ಕರೆಂಟ್ ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವ ಸೌಲಭ್ಯ ಬಹುತೇಕ ಮಶೀನಿನಲ್ಲಿದೆ. ಆದರೆ ಅರ್ಧ ತಾಸಿನಲ್ಲಿ ಬೆಡ್ ಆರಿ ವಸ್ತು ತಾನಾಗಿ ಬಿಟ್ಟುಕೊಂಡಿರುತ್ತದೆ, ನೋಜಲ್ ಬಂದು ಅದನ್ನು ನೂಕಿಬಿಡುತ್ತದೆ. ಬಿಡದಿದ್ದರೂ ಅಲ್ಲೊಂದು ಗೆರೆ ಕಾಣುತ್ತದೆ. ಕಂಪ್ಯೂಟರಿನ 600 ವಿಎ ಯುಪಿಎಸ್ ಕೆಲವು ನಿಮಿಷ ಮಾತ್ರ ತಡೆಯುತ್ತದೆ. ಉದ್ದದ ಪ್ರಿಂಟ್ ಇದ್ದರೆ ಸೈನ್ ವೇವ್ ಇನ್ವರ್ಟರಿನ ಲೈನಿಗೆ ಕೊಡಿ.

ಕೆಲಸ ಮುಗಿದ ಮೇಲೆ ಮೇನ್ ಸ್ವಿಚ್ ತಕ್ಷಣ ತೆಗೆಯಬೇಡಿ. ಹಾಟೆಂಡ್ 50 ಡಿಗ್ರಿಗೆ ಇಳಿಯುವವರೆಗೆ ಅದರ ಫ್ಯಾನ್ ತಿರುಗಲಿ. ತಂತಿಯ ತುದಿಯನ್ನು ಸ್ಪೂಲಿನ ಅಂಚಿನ ತೂತಿಗೆ ಸಿಕ್ಕಿಸಿ, ಸಡಿಲ ಬಿಟ್ಟರೆ ಸುತ್ತು ಒಂದರ ಕೆಳಗೊಂದು ನುಸುಳಿ ಮುಂದಿನ ಪ್ರಿಂಟಿನ ನಡುವೆ ಗಂಟು ಬೀಳುತ್ತದೆ. ಡಬ್ಬಿಯ ಮೇಲೆ ಪ್ಲಾಸ್ಟಿಕ್ಕಿನ ಹೆಸರು, ಒಣಗಿಸಿದ ತಾರೀಖು, ಸರಿಯಾಗಿ ಬಂದ ನೋಜಲ್ ಮತ್ತು ಬೆಡ್ ಬಿಸಿ ಬರೆದಿಡಿ. ರೋಲಿನ ಸ್ಟಿಕ್ಕರ್ ಹೇಳುವ 230ರಿಂದ 250ರ ನಡುವೆ ನಿಮ್ಮ ಮಶೀನಿಗೆ ಹೊಂದಿದ ಅಂಕಿ ಯಾವುದೆಂದು ಆ ಚೀಟಿಯಿಂದಲೇ ತಿಳಿಯುತ್ತದೆ.